ಧಾತು ಈಶ್ವರದ ಬರವೂ ಸೂರ್ಯನ ಕಲೆಗಳೂ

ಮೈಸೂರಿನಿಂದ ಆಗ್ನೇಯ ದಿಕ್ಕಿಗೆ ಹೊರಟವರಿಗೆ ಕಾವೇರಿಯ ಬಯಲು ಮುಗಿದು ಬೆಟ್ಟಗಳು ಮೊದಲಾಗುವ ಎಡೆಯಲ್ಲಿ ಮೂರು ಸೀಮೆಗಳು ಎದುರಾಗುತ್ತವೆ. ಯಳಂದೂರು ಸಾಹಿತ್ಯಾಸಕ್ತರಿಗೆ ಸಂಚಿಯ ಹೊನ್ನಮ್ಮನ ಊರೆಂದು ಪರಿಚಿತವಾದುದು. ಕೊಳ್ಳೇಗಾಲ ರೇಷ್ಮೆಯ ನೇಯ್ಗೆಗೆ ಹೆಸರಾದುದು. ಹನೂರು ಮಲೆಯ ಮಾದಪ್ಪನ ಪರಿಷೆಗೆ ನಡೆದುಹೋಗುವ ಭಕ್ತರ ದಾರಿಯ ಊರು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಎಪ್ಪತ್ತೇಳು ಮಲೆಗಳೆಂದು ಜನಪದರು ಎಣಿಸುವ ಮಹದೇಶ್ವರನ ಬೆಟ್ಟಸಾಲು. ಮುಂಗಾರಿನ ಮಳೆಯ ಬಹುಪಾಲು ಪಶ್ಚಿಮ ಘಟ್ಟಗಳಲ್ಲಿಯೇ ಸುರಿದುಹೋಗುವುದರಿಂದ ಇಲ್ಲಿನ ಬಯಲಿನ ರೈತ ಮೇ ತಿಂಗಳ ಗುಡುಗಿನ ಮಳೆಯನ್ನೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆಯನ್ನೂ ನಂಬಿ ರಾಗಿ ಬಿತ್ತುತ್ತಾನೆ. ಆಕಾಶವನ್ನು ನೋಡುವುದು ಅವನಿಗೆ ಹವ್ಯಾಸವಲ್ಲ, ಬದುಕು.

ಈ ಸೀಮೆಯ ಚರಿತ್ರೆಯಲ್ಲಿ ಒಂದು ವೈಚಿತ್ರ್ಯವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲವು ಇಂಗ್ಲಿಷ್ ಕಂಪನಿಯ ಪಾಲಿಗೆ ಬಂದು, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರು ಆಗ ಕೊಳ್ಳೇಗಾಲದ ಭಾಗವೇ ಆಗಿದ್ದಿತು. ಪ್ರತ್ಯೇಕ ತಾಲ್ಲೂಕಾದದ್ದು ಈಚಿನ ವರ್ಷಗಳಲ್ಲಿ. ನೆರೆಯ ಯಳಂದೂರಾದರೋ ಮೈಸೂರಿನಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಸ್ಥಿತಿ ಹೀಗೆಯೇ ಇದ್ದಿತು. ಒಂದೇ ಮೋಡದ ಕೆಳಗೆ ಎರಡು ಸರ್ಕಾರಗಳು.

ಮನುಷ್ಯನ ಕೃತ್ಯದಿಂದ ಹವೆ ಬದಲಾಗುವುದುಂಟೆ, ಬದಲಾದರೆ ಅದರ ಹೊಣೆ ಯಾರದು ಎಂಬ ಪ್ರಶ್ನೆ ಇಂದು ಜಗತ್ತಿನ ರಾಜಕಾರಣದಲ್ಲಿ ದೊಡ್ಡ ವಿವಾದವಾಗಿದೆ. ಇದು ಹೊಸ ಪ್ರಶ್ನೆಯೆಂದು ಅನೇಕರ ಎಣಿಕೆ. ಆದರೆ ನಮ್ಮ ಈ ಸೀಮೆಯನ್ನು ಆಳಿದವರು ನೂರೈವತ್ತು ವರ್ಷಗಳಿಗೂ ಹಿಂದೆ ಇದೇ ಪ್ರಶ್ನೆಯನ್ನು ಎತ್ತಿದ್ದರು. ತಮಗೆ ಅನುಕೂಲವಾದ ಉತ್ತರಗಳನ್ನೂ ಕಂಡುಕೊಂಡಿದ್ದರು. ಆ ಉತ್ತರಗಳನ್ನು ಸ್ವಲ್ಪ ಪರಿಶೀಲಿಸುವುದು ಇಂದಿನ ವಿವಾದವನ್ನು ಅರಿಯಲು ಸಹಾಯಕವಾದೀತು.

ಮದರಾಸಿನಲ್ಲಿ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯನಿದ್ದನು. ಮರಗಳಿಗೂ ಮಳೆಗೂ ನೆಲದ ತೇವಕ್ಕೂ ಇರುವ ಸಂಬಂಧವನ್ನು ಕುರಿತು 1849ರಲ್ಲಿ ಆತ ಒಂದು ಲೇಖನವನ್ನು ಪ್ರಕಟಿಸಿದನು. ಕಾಡು ಕಡಿದಲ್ಲಿ ಒರತೆಗಳು ಬತ್ತುತ್ತವೆ, ಹವೆ ಒಣಗುತ್ತದೆ ಎಂಬುದು ಅದರ ಸಾರ. ಅನಂತರ ಹ್ಯೂ ಕ್ಲೆಗ್‌ಹಾರ್ನ್ ಎಂಬ ಇನ್ನೊಬ್ಬ ವೈದ್ಯ, ಮೈಸೂರು ಸೀಮೆಯಲ್ಲಿ ಕೆಲಸ ಮಾಡಿ ಕಾಡಿನ ಪರಿಚಯ ಮಾಡಿಕೊಂಡಿದ್ದವನು, ಉಷ್ಣವಲಯದ ಕಾಡುಗಳ ನಾಶದಿಂದಾಗುವ ಪರಿಣಾಮಗಳನ್ನು ಕುರಿತು ಬ್ರಿಟಿಷ್ ವಿಜ್ಞಾನ ಸಂಘಕ್ಕೆ ವರದಿಯೊಪ್ಪಿಸಿದನು; 1856ರಲ್ಲಿ ಮದರಾಸು ಆಧಿಪತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದನು. ಕೊಳ್ಳೇಗಾಲದ ಕಾಡುಗಳೂ ಆತನ ಅಧಿಕಾರದ ವ್ಯಾಪ್ತಿಗೆ ಬಂದವು. ಅದೇ 1856ರಲ್ಲಿ ಅಮೆರಿಕದ ಯೂನಿಸ್ ಫುಟ್ ಎಂಬ ಮಹಿಳೆ, ಗಾಜಿನ ಕೊಳವೆಯಲ್ಲಿ ತುಂಬಿದ ಇಂಗಾಲಾಮ್ಲ ವಾಯುವು ಬಿಸಿಲಿನಲ್ಲಿ ಸಾಮಾನ್ಯ ಗಾಳಿಗಿಂತ ಹೆಚ್ಚು ಕಾಯುತ್ತದೆಂಬುದನ್ನು ಪ್ರಯೋಗದಿಂದ ತೋರಿಸಿದಳು. ಅಂದಿಗೆ ಈ ಎರಡು ಸಂಗತಿಗಳನ್ನು ಒಂದು ದಾರದಲ್ಲಿ ಪೋಣಿಸಿ ನೋಡುವವರು ಯಾರೂ ಇರಲಿಲ್ಲ.

ಆದುದರಿಂದ ಆಳುವವರಿಗೆ ತಿಳಿವಳಿಕೆ ಇರಲಿಲ್ಲವೆಂದು ಹೇಳುವಂತಿಲ್ಲ. ಆ ತಿಳಿವಳಿಕೆಯನ್ನು ಅವರು ಯಾರ ಮೇಲೆ ಪ್ರಯೋಗಿಸಿದರೆಂಬುದೇ ನಾವು ಗಮನಿಸಬೇಕಾದ ವಿಷಯ. ಬೆಟ್ಟದ ಜನರು ಕಾಡಿನ ತುಂಡೊಂದನ್ನು ಕಡಿದು ಸುಟ್ಟು, ಕೆಲವು ವರ್ಷ ರಾಗಿ ಬೆಳೆದು, ಅದನ್ನು ಮತ್ತೆ ಕಾಡಿಗೆ ಬಿಟ್ಟು ಮುಂದೆ ಸಾಗುತ್ತಿದ್ದರು. ಇದಕ್ಕೆ ಕುಮರಿ ಬೇಸಾಯವೆಂದು ಹೆಸರು. ಕಾಡಿನ ನಾಶಕ್ಕೆ ಇದೇ ಮುಖ್ಯ ಕಾರಣವೆಂದು ನಿರ್ಣಯಿಸಿದ ಮದರಾಸು ಸರ್ಕಾರ 1860ರ ವೇಳೆಗೆ ಅದನ್ನು ನಿರ್ಬಂಧಿಸಿತು. ಅದೇ ವರ್ಷಗಳಲ್ಲಿ ಮದರಾಸಿನಿಂದ ಕೊಯಮತ್ತೂರು ಸೀಮೆಯನ್ನು ಹಾದು ಪಶ್ಚಿಮ ಕರಾವಳಿಯ ಬೇಪೂರಿಗೆ ರೈಲುದಾರಿ ಬೆಳೆಯುತ್ತಿದ್ದಿತು. 1862ರಲ್ಲಿ ಅದು ಪೂರ್ಣವಾಯಿತು. ಹಳಿಗಳ ಕೆಳಗೆ ಹಾಸಲು ಮೈಲಿಯೊಂದಕ್ಕೆ ಸುಮಾರು 1,760ರಿಂದ 2,000 ಮರದ ದಿಮ್ಮಿಗಳು ಬೇಕು. ಉಗಿಬಂಡಿಯ ಒಲೆಗೂ ಸೌದೆಯೇ ಆಹಾರ. ರೈಲಿನ ಈ ಹಸಿವನ್ನು ಕಂಡು ಕ್ಲೆಗ್‌ಹಾರ್ನನೂ ಆತಂಕಪಟ್ಟದ್ದುಂಟು. ಆದರೆ ಕಾನೂನಿನ ಕೊಡಲಿ ಬಿದ್ದದ್ದು ಕುಮರಿಯ ಮೇಲೆ. ನ್ಯಾಯವಾಗಿ ಹೇಳಬೇಕೆಂದರೆ, ಸರ್ಕಾರದೊಳಗೂ ಬೇರೆಯ ದನಿ ಇದ್ದಿತು. ಕಾಡುಗಳ ಮೇಲೆ ಸುತ್ತಲ ಹಳ್ಳಿಗರಿಗೆ ರೂಢಿಯ ಹಕ್ಕಿದೆಯೆಂದು ಮದರಾಸಿನ ರೆವಿನ್ಯೂ ಬೋರ್ಡು 1870ರ ದಶಕದಲ್ಲಿ ವಾದಿಸಿತು. ಕೊನೆಗೆ 1882ರ ಮದರಾಸು ಅರಣ್ಯ ಶಾಸನ ಬಂದು ಆ ದನಿಯನ್ನು ಬಹುಮಟ್ಟಿಗೆ ಅಡಗಿಸಿತು.

ಈ ವಾದ ನಡೆಯುತ್ತಿರುವಾಗಲೇ ದೊಡ್ಡ ಬರ ಬಂದಿತು. 1876ರಲ್ಲಿ ಮಳೆ ಕೈಕೊಟ್ಟಿತು. 1877ರಲ್ಲಿಯೂ ಬಹುಕಾಲ ಮುಗಿಲು ಬಾಯಿ ತೆರೆಯಲಿಲ್ಲ. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಹೆಸರಿನಿಂದ ನಮ್ಮ ಹಿರಿಯರು ಅದನ್ನು ಧಾತು ಈಶ್ವರದ ಬರವೆಂದು ಕರೆದರು. ಕೊಳ್ಳೇಗಾಲವಿದ್ದ ಕೊಯಮತ್ತೂರು ಜಿಲ್ಲೆಯೂ ಯಳಂದೂರಿದ್ದ ಮೈಸೂರು ಸಂಸ್ಥಾನವೂ ಒಂದೇ ಬೆಂಕಿಯಲ್ಲಿ ಬೆಂದವು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರದಷ್ಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿದ್ದಿತು. ಇಡೀ ದೇಶದಲ್ಲಿ ಸತ್ತವರ ಸಂಖ್ಯೆಯನ್ನು 50 ಲಕ್ಷದಿಂದ 80 ಲಕ್ಷದವರೆಗೆ ಅಂದಾಜು ಮಾಡುತ್ತಾರೆ.

ಆಗ ಲಾರ್ಡ್ ಲಿಟ್ಟನ್ ವೈಸರಾಯ್. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ದರ್ಬಾರು ವಿಜೃಂಭಣೆಯಿಂದ ನೆರವೇರಿತು. ಧಾನ್ಯದ ಬೆಲೆಯಲ್ಲಿ ಸರ್ಕಾರ ಕೈಹಾಕಬಾರದು, ವ್ಯಾಪಾರದ ನಿಯಮವೇ ಜನರನ್ನು ಕಾಯುತ್ತದೆ ಎಂಬುದು ಆತನ ನೀತಿ. ಖರ್ಚಿಗೆ ಕಡಿವಾಣ ಹಾಕಲು ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಮದರಾಸಿನ ಅಧಿಕಾರಿಗಳು ಸಂಕಟವನ್ನು ಉತ್ಪ್ರೇಕ್ಷಿಸುತ್ತಿದ್ದಾರೆಂದು ಭಾವಿಸಿ, ಪರಿಹಾರದ ಕೆಲಸದಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಮೇಲೆ ಸ್ವಲ್ಪ ಕಾಸೂ ಸಾಕೆಂದು ಗೊತ್ತುಮಾಡಿದನು. ಒಂದು ಪೌಂಡೆಂದರೆ ಅರ್ಧ ಕಿಲೋಗಿಂತಲೂ ಕಡಿಮೆ.

ಇದೇ ಸಮಯದಲ್ಲಿ ವಿದ್ವಾಂಸರ ನಡುವೆ ಒಂದು ಸೋಜಿಗದ ಚರ್ಚೆ ಹುಟ್ಟಿತು. ಸೂರ್ಯನ ಮೇಲೆ ಕಾಣುವ ಕಪ್ಪು ಕಲೆಗಳು ಹನ್ನೊಂದು ವರ್ಷಗಳಿಗೊಮ್ಮೆ ಹೆಚ್ಚಿ ಕುಗ್ಗುತ್ತವೆ. ಮದರಾಸಿನ ಮಳೆಯ ಲೆಕ್ಕವನ್ನು ಈ ಕಲೆಗಳ ಲೆಕ್ಕದೊಡನೆ ಹೋಲಿಸಿದ ವಿಲಿಯಂ ಹಂಟರ್ ಎಂಬ ಅಧಿಕಾರಿ, ಕಲೆಗಳು ಕಡಿಮೆಯಾದ ವರ್ಷಗಳಲ್ಲಿ ಮಳೆಯೂ ಕಡಿಮೆಯಾಗುತ್ತದೆಂದು ಪ್ರತಿಪಾದಿಸಿದನು. ಖ್ಯಾತ ಖಗೋಳಜ್ಞ ನಾರ್ಮನ್ ಲಾಕ್‌ಯರ್ ಆತನೊಡನೆ ಸೇರಿ 1877ರಲ್ಲಿ ಸೂರ್ಯನ ಕಲೆಗಳನ್ನೂ ಬರಗಾಲವನ್ನೂ ಕುರಿತು ಲೇಖನ ಬರೆದನು. ಅವರ ಜಿಜ್ಞಾಸೆ ಪ್ರಾಮಾಣಿಕವಾದುದೇ ಸರಿ; ಮುಂದಿನ ಬರವನ್ನು ಮುಂಚಿತವಾಗಿ ತಿಳಿಯಬೇಕೆಂಬ ಸದುದ್ದೇಶವೂ ಅದರಲ್ಲಿದ್ದಿತು. ಆದರೆ ಬರವನ್ನು ಒಂಬತ್ತು ಕೋಟಿಗೂ ಹೆಚ್ಚು ಮೈಲಿಗಳಾಚೆಯ ಸೂರ್ಯನ ಲೆಕ್ಕಕ್ಕೆ ಬರೆದರೆ ರೈಲಿನಲ್ಲಿ ಹೊರಗೆ ಸಾಗುತ್ತಿದ್ದ ಧಾನ್ಯದ ಲೆಕ್ಕ, ಒಡೆದ ಕೆರೆಗಳ ಲೆಕ್ಕ, ಒಂದು ಪೌಂಡಿನ ಕೂಲಿಯ ಲೆಕ್ಕ ಇವೆಲ್ಲ ಹಿಂದೆ ಸರಿಯುತ್ತವೆ. ಮಳೆ ಬಾರದಿರುವುದು ಪ್ರಕೃತಿಯ ಕೆಲಸವಿರಬಹುದು. ಮಳೆ ಬಾರದೆ ಲಕ್ಷಗಟ್ಟಲೆ ಜನ ಸಾಯುವುದು ರಾಜ್ಯಭಾರದ ಕೆಲಸ. ಈ ಎರಡನ್ನೂ ಒಂದುಮಾಡಿ ಹೇಳಿದವರಿಗೆ ಸೂರ್ಯನು ಒಳ್ಳೆಯ ಆಸರೆಯಾದನು.

ಅಂದಿನ ಆಡಳಿತದಲ್ಲಿಯೇ ಒಬ್ಬಾತ ಈ ಮರೆವನ್ನು ಒಪ್ಪಲಿಲ್ಲ. ಮದರಾಸಿನ ನೈರ್ಮಲ್ಯ ಕಮಿಷನರ್ ಡಾ. ಡಬ್ಲ್ಯು. ಆರ್. ಕಾರ್ನಿಷ್ ಬಹಳ ಕಾಲದಿಂದ ನಮ್ಮ ಜನರ ಊಟದ ಪ್ರಮಾಣವನ್ನು ಕುರಿತು ಅಭ್ಯಾಸ ಮಾಡಿದ್ದವನು. ದುಡಿಯುವ ದೇಹಕ್ಕೆ ಒಂದು ಪೌಂಡು ಧಾನ್ಯ ಸಾಲದು, ಬೇಳೆಯ ಅಂಶವೂ ಬೇಕು ಎಂದು ಆತ ಅಂಕಿಗಳನ್ನು ಮುಂದಿಟ್ಟು ಟೆಂಪಲನೊಡನೆ ಬಹಿರಂಗವಾಗಿ ವಾದಿಸಿದನು. 1877ರ ಮೇ ತಿಂಗಳಲ್ಲಿ ಮದರಾಸು ಸರ್ಕಾರ ಆ ಕೂಲಿಯನ್ನು ಹೆಚ್ಚಿಸಬೇಕಾಯಿತು. ಅಷ್ಟರಲ್ಲಿ ಬಹಳ ಜೀವಗಳು ಹೋಗಿದ್ದವು, ನಿಜ. ಆದರೂ ದಯೆಯುಳ್ಳ ಅಧಿಕಾರಿಯೊಬ್ಬ ತನ್ನ ಮನೆಯ ಬಾಗಿಲಲ್ಲಿ ನಾಲ್ವರಿಗೆ ಗಂಜಿ ಹೊಯ್ದು ತೃಪ್ತನಾಗಿದ್ದಿದ್ದರೆ ಈ ಬದಲಾವಣೆಯೂ ಆಗುತ್ತಿರಲಿಲ್ಲ. ಮರುಕವನ್ನು ಲೆಕ್ಕವಾಗಿಯೂ ಲೆಕ್ಕವನ್ನು ವಾದವಾಗಿಯೂ ಮಾಡಿದ್ದು ಕಾರ್ನಿಷನ ಹೆಚ್ಚುಗಾರಿಕೆ.

ಸೂರ್ಯನ ಕಲೆಗಳ ಸಿದ್ಧಾಂತ ಮುಂದೆ ನಿಲ್ಲಲಿಲ್ಲ. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರ್, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ಮೇಲಣ ವಾಯುಭಾರ ತಕ್ಕಡಿಯ ತಟ್ಟೆಗಳಂತೆ ಏರಿಳಿಯುವುದನ್ನು ಗುರುತಿಸಿದನು. ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊ ಎಂಬ ವಿದ್ಯಮಾನದೊಡನೆ ಇದು ಹೆಣೆದುಕೊಂಡಿರುವುದು ಆಮೇಲೆ ತಿಳಿಯಿತು. 1877ರಲ್ಲಿ ಬಂದದ್ದು ಅತ್ಯಂತ ಪ್ರಬಲವಾದ ಎಲ್ ನಿನೊ. ಆ ವರ್ಷಗಳಲ್ಲಿ ಚೀನಾ, ಬ್ರೆಜಿಲ್‌ಗಳಲ್ಲಿಯೂ ಜನರು ಹಸಿವಿನಿಂದ ಸತ್ತದ್ದರ ರಹಸ್ಯ ಇದೇ.

ಧಾತು ಈಶ್ವರದ ಬರ ಸ್ವಾಭಾವಿಕವಾದ ಏರಿಳಿತದಿಂದ ಬಂದದ್ದು; ಇಂದಿನ ಹವೆಯ ಬದಲಾವಣೆ ಹಾಗಲ್ಲ. ಸ್ವೀಡನ್ನಿನ ಅರೇನಿಯಸ್ 1896ರಲ್ಲಿಯೇ ಇಂಗಾಲಾಮ್ಲ ಹೆಚ್ಚಿದರೆ ಭೂಮಿ ಎಷ್ಟು ಕಾದೀತೆಂದು ಗಣಿಸಿದ್ದನು. 1958ರಲ್ಲಿ ಹವಾಯಿ ದ್ವೀಪದ ಬೆಟ್ಟದ ಮೇಲೆ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿದ್ದ ಈ ವಾಯು 2024ರ ವೇಳೆಗೆ 420ನ್ನು ದಾಟಿತ್ತು. ಭಾರತದ ಸರಾಸರಿ ಉಷ್ಣತೆ 1901ರಿಂದ 2018ರವರೆಗೆ ಸುಮಾರು 0.7 ಡಿಗ್ರಿಯಷ್ಟು ಏರಿದೆಯೆಂದು ನಮ್ಮ ಭೂವಿಜ್ಞಾನ ಸಚಿವಾಲಯವೇ 2020ರಲ್ಲಿ ತಿಳಿಸಿತು. ಕಳೆದ ನಾಲ್ಕೈದು ದಶಕಗಳಲ್ಲಿ ಸೂರ್ಯನ ಪ್ರಖರತೆ ಹೆಚ್ಚಿಲ್ಲ. ಭೂಮಿಯ ಬಿಸಿ ಮಾತ್ರ ಹೆಚ್ಚುತ್ತಿದೆ. ಆದರೂ ಇದೆಲ್ಲ ಸೂರ್ಯನ ಲೀಲೆಯೆಂದು ಹೇಳುವ ರಾಜಕಾರಣಿಗಳು ಪಶ್ಚಿಮದಲ್ಲಿ ಇಂದಿಗೂ ಇದ್ದಾರೆ. ಲಿಟ್ಟನ್ನನ ಕಾಲದ ಆಸರೆ ಇನ್ನೂ ಹಳತಾಗಿಲ್ಲ.

ಆಧುನಿಕ ನಿರಾಕರಣೆಗೆ ಬೇರೆ ವೇಷಗಳೂ ಇವೆ. ಅಮೆರಿಕದ ಎಕ್ಸಾನ್ ಎಂಬ ತೈಲ ಕಂಪನಿಯ ವಿಜ್ಞಾನಿಗಳು 1970ರ ದಶಕದ ಕೊನೆಯಿಂದಲೇ ಉಷ್ಣತೆಯ ಏರಿಕೆಯನ್ನು ಬಹಳ ಸರಿಯಾಗಿ ಅಂದಾಜು ಮಾಡಿದ್ದರು; ಕಂಪನಿ ಮಾತ್ರ ಬಹಿರಂಗದಲ್ಲಿ ಸಂದೇಹವನ್ನೇ ಬಿತ್ತಿತು. ಪ್ಯಾರಿಸ್ ಒಪ್ಪಂದದಿಂದ ಹೊರಬರುವುದಾಗಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2017ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ಸಾರಿದರು. ಇವೆಲ್ಲ ಕಣ್ಣಿಗೆ ಕಾಣುವ ನಿರಾಕರಣೆಗಳು. ಕಾಣದಂಥದೂ ಒಂದಿದೆ. ಪ್ರತಿಯೊಬ್ಬನೂ ತನ್ನ ಇಂಗಾಲದ ಹೆಜ್ಜೆಗುರುತನ್ನು ತಾನೇ ಅಳೆದುಕೊಳ್ಳಬೇಕೆಂಬ ಮಾತನ್ನು 2000ದ ದಶಕದ ಮೊದಲ ಭಾಗದಲ್ಲಿ ಜಾಹೀರಾತಿನ ಮೂಲಕ ಮನೆಮಾತಾಗಿಸಿದ್ದು ಬ್ರಿಟನ್ನಿನ ಬಿ.ಪಿ. ಎಂಬ ಇನ್ನೊಂದು ತೈಲ ಕಂಪನಿ. ಮಾತೇನೋ ಒಳ್ಳೆಯದೇ. ಆದರೆ ಎಣ್ಣೆ ಮಾರುವವನು ದೀಪ ಸಣ್ಣದು ಮಾಡೆಂದು ಉಪದೇಶಿಸಿದಾಗ, ಉಪದೇಶವನ್ನು ಕೇಳುವುದರ ಜೊತೆಗೆ ಅವನ ಎಣ್ಣೆಯ ಪೀಪಾಯಿಯ ಕಡೆಗೂ ಒಮ್ಮೆ ನೋಡುವುದು ವಿವೇಕ.

ನಮ್ಮ ದೇಶದಲ್ಲಿಯೂ ಈ ಎರಡೆಳೆಯ ಮಾತನ್ನು ಕಾಣುತ್ತೇವೆ. 2014ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದ ಸಂವಾದದಲ್ಲಿ ಬಾಲಕರ ಪ್ರಶ್ನೆಗಳಿಗೆ ಉತ್ತರಿಸುತ್ತ ಪ್ರಧಾನಿ ನರೇಂದ್ರ ಮೋದಿಯವರು, ಬದಲಾದದ್ದು ಹವೆಯಲ್ಲ, ನಮ್ಮ ಅಭ್ಯಾಸಗಳು ಎಂಬರ್ಥದ ಮಾತನ್ನಾಡಿದರು. ಮರುವರ್ಷ ಅವರ ಸರ್ಕಾರವೇ ಪ್ಯಾರಿಸ್ಸಿನ ಮಾತುಕತೆಯಲ್ಲಿ ಹವೆಯ ಬದಲಾವಣೆಯನ್ನು ಒಪ್ಪಿ ನಡೆಯಿತು. 2016ರ ಅಕ್ಟೋಬರ್ 2ರಂದು ಒಪ್ಪಂದವನ್ನು ಸ್ಥಿರೀಕರಿಸಿತು. 2022ರಲ್ಲಿ, ಪರಿಸರಕ್ಕೆ ಹಿತವಾದ ಜೀವನಕ್ರಮವನ್ನು ಪ್ರಜೆಗಳು ರೂಢಿಸಿಕೊಳ್ಳಬೇಕೆಂಬ ಆಂದೋಲನವನ್ನೂ ಆರಂಭಿಸಿತು. ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ. ಪಶ್ಚಿಮ ಘಟ್ಟಗಳನ್ನು ಕುರಿತು ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿಯೂ ಕಸ್ತೂರಿರಂಗನ್ ಸಮಿತಿ 2013ರಲ್ಲಿಯೂ ವರದಿಗಳನ್ನು ಕೊಟ್ಟವು. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಅವುಗಳನ್ನು ವಿರೋಧಿಸುತ್ತಲೇ ಬಂದವು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಲು ತೀರ್ಮಾನಿಸಿತು. ಘಟ್ಟದ ರೈತರ ಭಯವನ್ನು ಅಲ್ಲಗಳೆಯಲಾಗದು. ಕಾಡು ಉಳಿಸುತ್ತೇವೆಂದು ಹೊರಟ ಆಡಳಿತ ಮೊದಲು ಬಡವನ ಕೈ ಹಿಡಿಯುತ್ತದೆಂಬುದು ಕುಮರಿಯ ಕಾಲದಿಂದ ಜನ ಕಂಡುಂಡ ಸತ್ಯ.

ಆ ಸತ್ಯವನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಬೆಟ್ಟದ ರಂಗಪ್ಪ ಅವರ ಹುಡುಗಿಯನ್ನು ಮದುವೆಯಾದವನು. ಆದುದರಿಂದ ದೇವರು ಅವರಿಗೆ ಭಾವ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರ ಅವರ ಪೂಜಾಸ್ಥಾನ. ಕಾಡಿನೊಳಗೆ ಅವರ ಕುಲಗಳಿಗೆ ಸೇರಿದ ಇಂಥ ನೂರಾರು ಪವಿತ್ರಸ್ಥಳಗಳಿವೆ. ಬೇಸಿಗೆಯ ಆರಂಭದಲ್ಲಿ, ನೆಲದ ಮೇಲಣ ಒಣ ಎಲೆ ಮಾತ್ರ ಸುಡುವಂತೆ, ಮರಕ್ಕೆ ತಾಗದಂತೆ ಅವರು ಸಣ್ಣ ಬೆಂಕಿಯಿಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಸೋಲಿಗರು ಬೇಸಾಯದ ತಾಣಗಳನ್ನು ಬಿಟ್ಟು ಪೋಡುಗಳಲ್ಲಿ ನೆಲೆಸಬೇಕಾಯಿತು. ತರಗು ಬೆಂಕಿ ಅಪರಾಧವಾಯಿತು. ಬೆಂಕಿ ನಿಂತ ಮೇಲೆ ಲಂಟಾನದ ಪೊದೆ ಕಾಡನ್ನು ಮುಚ್ಚುತ್ತಿದೆ, ನೆಲ್ಲಿಯ ಮರಗಳಿಗೆ ಬಂದಳಿಕೆ ಹತ್ತಿ ಅವು ಸಾಯುತ್ತಿವೆ ಎಂದು ಸೋಲಿಗರು ಹೇಳುತ್ತ ಬಂದರು. ಆ ಮಾತು ಬಹುಕಾಲ ಯಾರ ಕಡತವನ್ನೂ ಸೇರಲಿಲ್ಲ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಕಾಡಿನ ಅವೇ ತಾಣಗಳನ್ನು 1997ರಲ್ಲಿಯೂ 2008ರಲ್ಲಿಯೂ ಪರೀಕ್ಷಿಸಿದಾಗ ಲಂಟಾನವಿದ್ದ ತಾಣಗಳ ಸಂಖ್ಯೆ ಹತ್ತಿರ ಹತ್ತಿರ ಇಮ್ಮಡಿಯಾಗಿದ್ದಿತು. ಲಂಟಾನ ದಟ್ಟವಾಗಿ ಬೆಳೆದ ಮೇಲೆ ಹಳೆಯ ಬಗೆಯ ಸಣ್ಣ ಬೆಂಕಿಯೂ ಮರದ ನೆತ್ತಿಗೇರುವ ಅಪಾಯವಿದೆ; ಹಳೆಯ ವಿದ್ಯೆಯನ್ನು ಹಾಗೆಯೇ ಮರಳಿ ತರುವುದು ಈಗ ಸುಲಭವಲ್ಲ. ಕೇಳಬೇಕಾದ ಕಾಲದಲ್ಲಿ ಕೇಳದೆ ಹೋದುದರ ಬೆಲೆ ಇದು.

ಆದರೆ ಸೋಲಿಗರು ಕಾಡನ್ನು ಪ್ರೀತಿಸುತ್ತ ಸುಮ್ಮನೆ ಕುಳಿತಿರಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯನ್ನು ಹಿಡಿದು ಗ್ರಾಮಸಭೆಗಳನ್ನು ಸೇರಿಸಿದರು. ತಮ್ಮ ಪವಿತ್ರಸ್ಥಳಗಳನ್ನೆಲ್ಲ ಸಂಶೋಧಕರ ನೆರವಿನಿಂದ ನಕ್ಷೆಯಲ್ಲಿ ಗುರುತಿಸಿದರು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರ ಸಮುದಾಯದ ಹಕ್ಕು ಮಾನ್ಯವಾಯಿತು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹೀಗಾದದ್ದು ಅದೇ ಮೊದಲು. ಅತ್ತ ಮಹದೇಶ್ವರನ ಬೆಟ್ಟದಲ್ಲಿ ಸೋಲಿಗರು ಅದೇ ಲಂಟಾನದ ಕಡ್ಡಿಗಳಿಂದ ಕುರ್ಚಿ, ಮೇಜುಗಳನ್ನು ಹೆಣೆದು ಜೀವನಕ್ಕೊಂದು ದಾರಿ ಮಾಡಿಕೊಂಡಿದ್ದಾರೆ.

ಈಚಿನ ವರ್ಷಗಳಲ್ಲಿ ಈ ಸೀಮೆ ನೀರಿನ ಎರಡು ಅತಿರೇಕಗಳನ್ನೂ ಕಂಡಿದೆ. 2018ರಲ್ಲಿ ಕಾವೇರಿ ಉಕ್ಕಿ ಕೊಳ್ಳೇಗಾಲದ ದಾಸನಪುರ ಮೊದಲಾದ ದಡದ ಹಳ್ಳಿಗಳಿಗೆ ನುಗ್ಗಿತು. ಶಿವನಸಮುದ್ರದ ಬಳಿ ರಾಮಸ್ವಾಮಿ ಮೊದಲಿಯಾರ್ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. 2023ರಲ್ಲಿ ಮಳೆ ಸೋತು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. ಒಂದು ಪ್ರವಾಹವನ್ನೋ ಒಂದು ಬರವನ್ನೋ ತೋರಿಸಿ ಇದೇ ಭೂಮಿಯ ಬಿಸಿಯ ಫಲವೆಂದು ಹೇಳಲಾಗದು. ಕಾದ ಗಾಳಿ ಹೆಚ್ಚು ತೇವವನ್ನು ಹೀರಿ, ಹೆಚ್ಚಾಗಿ ಒಮ್ಮೆಗೇ ಸುರಿಸುತ್ತದೆ. ಇಂಥ ಅತಿರೇಕಗಳು ಹೆಚ್ಚುತ್ತವೆ ಎಂಬುದು ವಿಜ್ಞಾನದ ಮಾತು.

ಹೀಗಿರಲು, ಮನೆಯಂಗಳದಲ್ಲಿ ಒಂದು ಹೊಂಗೆಯ ಸಸಿ ನೆಟ್ಟವನು, ಊರ ಕೆರೆಯ ಹೂಳು ತೆಗೆಯಲು ಮಂಕರಿ ಹೊತ್ತವಳು ಮಾಡಿದ್ದು ವ್ಯರ್ಥವೆ? ಖಂಡಿತ ಅಲ್ಲ. ಆ ಸಸಿಯಿಂದ ಭೂಮಿಯ ಬಿಸಿ ಇಳಿಯದಿರಬಹುದು. ಆದರೆ ನೆಟ್ಟವನಿಗೆ ಮಳೆ ಯಾವ ದಿನ ಬಂತು, ಯಾವ ವರ್ಷ ತಪ್ಪಿತು ಎಂಬುದು ನೆನಪಿರುತ್ತದೆ. ಕೆರೆಯ ಮಣ್ಣು ಹೊತ್ತವಳಿಗೆ ಕೋಡಿ ಹರಿದ ವರ್ಷಗಳೂ ಏರಿ ಒಡೆದ ವರ್ಷವೂ ಗೊತ್ತಿರುತ್ತವೆ. ನಿರಾಕರಣೆಯು ಬೆಳೆಯುವುದು ಜನರ ಮರೆವಿನಲ್ಲಿ. ಆರೈಕೆ ಮಾಡುವವರ ಈ ನೆನಪು ಮನೆಯೊಳಗೇ ಉಳಿದರೆ ಸರ್ಕಾರಕ್ಕೂ ಸುಖ, ಕಂಪನಿಗೂ ಸುಖ. ಅದು ಗ್ರಾಮಸಭೆಯ ಪುಸ್ತಕಕ್ಕೆ ಏರಿ, ಮತ ಕೇಳಲು ಬಂದವನ ಮುಂದೆ ಪ್ರಶ್ನೆಯಾಗಿ ನಿಂತಾಗ, ಹೊಣೆಯನ್ನು ಸೂರ್ಯನ ಮೇಲೆ ಹಾಕಿ ಜಾರಿಕೊಳ್ಳುವುದು ಯಾರಿಗೂ ಅಷ್ಟು ಸುಲಭವಾಗಲಾರದು. ಧಾತು ಈಶ್ವರದ ಬರದಲ್ಲಿ ಅಳಿದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಅವರಿಗೆ ಕೊಟ್ಟ ಒಂದು ಪೌಂಡಿನ ಲೆಕ್ಕವನ್ನು ಒಬ್ಬಾತ ಬರೆದಿಟ್ಟು ಪ್ರಶ್ನಿಸಿದ್ದರಿಂದಲೇ ಇಂದು ನಾವು ಅದನ್ನು ನೆನೆಯುತ್ತಿದ್ದೇವೆ.